ಪಾಲಿಶ್ ಒಣಗದ ಕುರ್ಚಿ

ನಿನ್ನೆ ಬಡಿಗ ಮನೆಗೊಂದು ಹೊಸ ಕುರ್ಚಿ ತಂದಿಟ್ಟು ಹೋದ. ಕೂತು ಓದಲೆಂದು ನಾನೇ ಹೇಳಿ ಮಾಡಿಸಿದ್ದು. ಪಾಲಿಶ್ ಪೂರ್ತಿ ಒಣಗಿಲ್ಲ, ಇನ್ನೆರಡು ದಿನ ಯಾರೂ ಕೂಡಬೇಡಿ ಎಂದು ತಾಕೀತು ಮಾಡಿದ. ಅದರ ವಾಸನೆ ಮನೆಯೆಲ್ಲ ಹರಡಿತು. ಮಲ್ಲಿಗೆಯ ವಾಸನೆಗೆ ಕೆಲವರ ಮನಸ್ಸು ಅರಳುತ್ತದಂತೆ. ನನಗೆ ಪಾಲಿಶಿನ ವಾಸನೆಗೆ ಸಿಟ್ಟು ಬರುತ್ತದೆ. ಯಾಕೆಂದು ಹೇಳುತ್ತೇನೆ. ಆದರೆ ಜನ್ಮವಿಡೀ ಪಾಠ ಹೇಳಿದವಳು ನಾನು, ನೇರ ಹೇಳುವುದು ನನ್ನಿಂದಾಗದು. ನೀವು ನನ್ನ ಜೊತೆ ಮೊದಲು ಅಮೆರಿಕಕ್ಕೆ ಹೋಗಿ ಬರಬೇಕು.

ಅಮೆರಿಕವನ್ನು ನಾನು ಕಂಡದ್ದು ಗುಲಬರ್ಗಾದ ಒಂದು ಕಾಲೇಜಿನ ಕೋಣೆಯಲ್ಲಿ. ಭೀಮಾ ದಂಡೆಯ ನಮ್ಮೂರು ಅಫಜಲಪುರ ತಾಲೂಕಿನದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅವ್ವ ಅಪ್ಪನ ಜೊತೆ ಒಂದು ಸುಗ್ಗಿಯಿಡೀ ಮಾತು ಬಿಟ್ಟು ಗೆದ್ದುಕೊಟ್ಟ ಓದು ಅದು. ಹೆಸರಿನ ಮುಂದೆ ಬಿ.ಎ. ಎಂದು ಇವತ್ತಿಗೂ ಬರೆಯುತ್ತೇನೆ. ನಗುವವರು ನಗಲಿ.

ಅವು ತುರ್ತು ಪರಿಸ್ಥಿತಿಯ ದಿನಗಳು. ರಾಜ್ಯಶಾಸ್ತ್ರದ ಸರ್ ಅಧಿಕಾರದ ಮಿತಿಗಳ ಪಾಠ ಬಂತೆಂದರೆ ಕಿಟಕಿ ಮುಚ್ಚಿಸುತ್ತಿದ್ದರು. ಗುಲಬರ್ಗಾದ ಬಿಸಿಲಲ್ಲಿ ಕಿಟಕಿ ಮುಚ್ಚಿದರೆ ಏನಾಗುತ್ತದೆ ಎಂದು ಅಲ್ಲಿ ಬಾಳಿದವರಿಗೆ ಹೇಳಬೇಕಿಲ್ಲ. ನಾವು ಬೆವರುತ್ತ ಕೇಳುತ್ತಿದ್ದೆವು.

"ಎರಿ ಹೊಲದ ಕರಿ ಮಣ್ಣು ನೋಡೀರಿಲ್ಲ?" ಎನ್ನುತ್ತಿದ್ದರು ಸರ್. "ಮಳಿ ಆದಮ್ಯಾಲ ಮೊದಲನೇ ಬಂಡಿ ಎಲ್ಲಿ ಹಾಯ್ತದ, ಅದೇ ಹಾದಿ. ಹಿಂದಿನ ಬಂಡಿಗಳ ಗಾಲಿ ತಾವಾಗೇ ಅದ್ರಾಗ ಬೀಳ್ತಾವ. ಅಮೆರಿಕಾದವರ ಸಂವಿಧಾನದಾಗ ಅಧ್ಯಕ್ಷ ಹ್ಯಾಂಗ ಇರಬೇಕಂತ ಭಾಳ ಬರದಿರಲಿಲ್ಲ. ಉಳಿದದ್ದು ಮೊದಲನೇ ಬಂಡಿ ಬರೀತು."

ಆ ಮೊದಲನೆಯವನ ಹೆಸರು ನಿಮಗೆ ಶಾಲೆಯಲ್ಲೇ ಬಾಯಿಪಾಠವಾಗಿರುತ್ತದೆ, ಬಿಡಿ. ಅವನನ್ನು ಏನೆಂದು ಕರೆಯಬೇಕು ಎಂಬ ಚರ್ಚೆ ನಡೆದಾಗ ಮಹಾಪ್ರಭು ಎಂಬಂಥ ಉದ್ದುದ್ದ ಬಿರುದುಗಳನ್ನು ಕೆಲವರು ಸೂಚಿಸಿದರಂತೆ. ಕಡೆಗೆ ಬರೀ ಅಧ್ಯಕ್ಷ ಎಂಬುದೇ ನಿಂತಿತು. ಎರಡು ಅವಧಿ ಆಳಿ, ಹೋಗೆಂದು ಯಾರೂ ಹೇಳದಿದ್ದರೂ ಎದ್ದು ತನ್ನ ಹೊಲಕ್ಕೆ ಹೋದ. ಎರಡನೆಯವನು ಚುನಾವಣೆಯಲ್ಲಿ ಸೋತ. ಮುನಿಸಿಕೊಂಡು, ಗೆದ್ದವನ ಪ್ರಮಾಣವಚನಕ್ಕೂ ನಿಲ್ಲದೆ ನಸುಕಿನಲ್ಲೇ ಗಾಡಿ ಹತ್ತಿದ. ಮುನಿಸೇನೋ ಇತ್ತು, ಆದರೆ ಹೋದ. ಮೂರನೆಯವನು ದೇಶ ಇಮ್ಮಡಿಯಾಗುವಷ್ಟು ನೆಲ ಕೊಳ್ಳುವಾಗ, ಇದಕ್ಕೆ ನನಗೆ ಅಧಿಕಾರ ಉಂಟೇ ಎಂದು ತಾನೇ ಅನುಮಾನಪಟ್ಟ, ಪಟ್ಟುಕೊಂಡೇ ಕೊಂಡ. ಗೆರೆ ಎಳೆದವರ ಬಂಡಿಯಂತೆ ಗೆರೆ ದಾಟಿದವರ ಬಂಡಿಯೂ ಹಾದಿ ಬಿಡುತ್ತದೆ.

ಸರ್ ಒಂದು ಮಾತು ಹೇಳಿರಲಿಲ್ಲ. ಆ ದೊಡ್ಡ ಮನುಷ್ಯ ವಾಪಸು ಹೋದ ಹೊಲವನ್ನು ಉಳುತ್ತಿದ್ದವರು ಅವನ ಗುಲಾಮರು. ಅದನ್ನು ನಾನು ಎಷ್ಟೋ ವರ್ಷದ ಮೇಲೆ ನಾನೇ ಓದಿ ತಿಳಿದೆ. ದೇಶದ ಮೇಲಿನ ಅಧಿಕಾರಕ್ಕೆ ಮಿತಿ ಹಾಕಿಕೊಂಡವನು ಮನೆಯೊಳಗಿನ ಅಧಿಕಾರಕ್ಕೆ ಹಾಕಿಕೊಳ್ಳಲಿಲ್ಲ. ಅವತ್ತು ಪುಸ್ತಕ ಮುಚ್ಚಿಟ್ಟೆ. ಮುಚ್ಚಿದರೂ ಸಿಟ್ಟು ಇಳಿಯಲಿಲ್ಲ. ಅಂಥ ಮನೆಯನ್ನು ನಾನೂ ಕಂಡವಳೇ.

ಈಗ ನಮ್ಮೂರಿಗೆ ಬರೋಣ. ತೊಂಬತ್ತರ ದಶಕದಲ್ಲಿ ಹೊಸ ಗ್ರಾಮ ಪಂಚಾಯಿತಿ ಬಂತು, ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಯಿತು. ನನ್ನ ಅಣ್ಣ ಮಲ್ಲಣ್ಣನ ಹೆಂಡತಿ ಭಾಗಮ್ಮ ಆರಿಸಿ ಬಂದಳು. ನಾನು ಅವಳನ್ನು ವೈನಿ ಎನ್ನುತ್ತಿದ್ದೆ. ಅವಳನ್ನು ನಿಲ್ಲಿಸಿದವನು ನಮ್ಮ ಕಾಕಾ, ಅಪ್ಪನ ತಮ್ಮ. ಊರಿನ ಯಾವ ಕೆಲಸವೂ ಅವನ ಕೆಮ್ಮು ಕೇಳದೆ ಶುರುವಾಗುತ್ತಿರಲಿಲ್ಲ. ಅವನೆದುರು ನಮ್ಮ ಮನೆಯ ಸೊಸೆಯರು ತಲೆಯ ಮೇಲೆ ಸೆರಗು ಹೊದ್ದು ನೆಲದ ಮೇಲೆ ಕೂಡಬೇಕು. ಕುರ್ಚಿಯ ಮಾತಿರಲಿ, ಹೊರಸಿನ ತುದಿಗೂ ತಾಗುವಂತಿರಲಿಲ್ಲ.

ಮೊದಲ ಸಭೆಯ ಹಿಂದಿನ ದಿನ ನಾನು ಜೇವರ್ಗಿಯಿಂದ ಬಸ್ಸು ಹತ್ತಿ ಊರಿಗೆ ಬಂದೆ. ಅಲ್ಲಿ ನಾನು ಪಾಠ ಹೇಳುತ್ತಿದ್ದೆ. ವೈನಿ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮುಂದೆ ಕೂತು ಅವಳಿಗೆ ಅಮೆರಿಕದ ಕತೆಯೆಲ್ಲ ಹೇಳಿದೆ. ಸರ್ ಹೇಳಿದ ಬಂಡಿಯ ಹಾದಿಯನ್ನೂ ಬಿಡಲಿಲ್ಲ.

"ಅಂವ ಹೊಲಕ್ಕ ವಾಪಸ್ ಬಂದಾಗ ಹೆಂಡ್ತಿ ಏನಂದ್ಳು?" ಎಂದು ಕೇಳಿದಳು ವೈನಿ.

ನನ್ನ ಬಿ.ಎ.ಯಲ್ಲಿ ಅದು ಇರಲಿಲ್ಲ. "ಗೊತ್ತಿಲ್ಲ ವೈನಿ," ಎಂದೆ.

"ಮತ್ತ ಏನ್ ಓದೀದಿ ಬೇ?" ಎಂದು ನಕ್ಕು ರೊಟ್ಟಿ ತಿರುವಿದಳು. ಪಡಸಾಲೆಯಲ್ಲಿ ಕಾಕಾ ಕೆಮ್ಮಿದ. ಅವನೂ ಕೇಳುತ್ತಿದ್ದಾನೆಂದು ನನಗೆ ಆಗ ಹೊಳೆಯಲಿಲ್ಲ.

ಮರುದಿನ ಪಂಚಾಯಿತಿ ಕೋಣೆಯಲ್ಲಿ ಅಧ್ಯಕ್ಷರಿಗೆಂದು ಮಾಡಿಸಿದ ಬೇವಿನ ಕಟ್ಟಿಗೆಯ ಕುರ್ಚಿ. ಇದೇ ಪಾಲಿಶಿನ ವಾಸನೆ. ಬಾಗಿಲಲ್ಲಿ ನಿಂತು ನೋಡುತ್ತೇನೆ, ಕುರ್ಚಿಯಲ್ಲಿ ಅಣ್ಣ ಕೂತಿದ್ದಾನೆ! ಬಾಗಿಲ ಪಕ್ಕದ ಜಮಖಾನೆಯ ಮೇಲೆ ಸೆರಗು ಹೊದ್ದು ಕೂತವಳು ಅಧ್ಯಕ್ಷೆ. ಕಾಕಾ ಎದ್ದು ಭಾಷಣ ಶುರು ಮಾಡಿದ.

"ನಮ್ಮ ಹುಡುಗಿ ಬಿ.ಎ. ಕಲ್ತಾಕಿ, ನಿನ್ನೆ ಎಲ್ಲಾ ಹೇಳ್ಯಾಳ. ಅಮೆರಿಕಾದ ಮೊದಲನೇ ಅಧ್ಯಕ್ಷ ಖುರ್ಚಿ ಬಿಟ್ಟು ಹೊಲಕ್ಕ ಹೋದ್ನಂತ. ಬಿಟ್ಟುಕೊಟ್ಟಿದ್ದಕ್ಕೇ ದೊಡ್ಡಾಂವ ಆದ. ನಮ್ಮ ಸೊಸೀದೂ ಅಂಥಾ ಮನಸ್ಸೇ ಅದ. ಮಲ್ಲಣ್ಣ ಕೂಡ್ತಾನ, ಆಕಿ ಸಹಿ ಮಾಡ್ತಾಳ. ಏನಂತೀರಿ?"

ಜನ ಚಪ್ಪಾಳೆ ತಟ್ಟಿದರು. ಅವ್ವ ಮಾತು ಬಿಟ್ಟು ಗಳಿಸಿಕೊಟ್ಟ ನನ್ನ ಓದನ್ನೇ ಎತ್ತಿಕೊಂಡು ವೈನಿಯನ್ನು ನೆಲಕ್ಕೆ ಕೂಡಿಸಿದ್ದ ಮನುಷ್ಯ! ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ಪಾಠವಾಗಿದ್ದರೆ ತಾಸುಗಟ್ಟಲೆ ಹೇಳುತ್ತಿದ್ದೆ.

ವೈನಿ ಎದ್ದು ನಿಂತಳು. ಸೆರಗು ತಲೆಯ ಮೇಲೇ ಇತ್ತು.

"ಮಾವಾರ, ಅಂವ ಎಂಟು ವರ್ಷ ಕೂತು ಆಮ್ಯಾಲ ಬಿಟ್ಟಾನ್ರಿ. ನಾ ಇನ್ನಾ ಕೂತೇ ಇಲ್ಲ. ಕೂಡದೇ ಬಿಡೂದು ಹ್ಯಾಂಗ್ರಿ?"

ಅವಳು ಅಣ್ಣನ ಕಡೆ ತಿರುಗಿದಳು. "ಏಳ್ರಿ."

ಅಣ್ಣ ಕಾಕಾನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಎದ್ದ. ಪಾಲಿಶ್ ಹಸಿ. ಧೋತರ ಕುರ್ಚಿಗೆ ಅಂಟಿಕೊಂಡು ಪರ್ರೆಂದಿತು. ಮೂಲೆಯಿಂದ ಯಾರೋ "ಮಲ್ಲಣ್ಣಂಗ ಖುರ್ಚಿ ಬಿಡವಲ್ತು ನೋಡ್ರಲೇ" ಎಂದರು. ಕೋಣೆ ತುಂಬ ನಗು. ವೈನಿ ಮಾತ್ರ ನಗಲಿಲ್ಲ. ಹೋಗಿ ಕೂತಳು.

ಅದಕ್ಕೆ ಅವಳು ತೆತ್ತದ್ದನ್ನೂ ಹೇಳಬೇಕು. ಅವತ್ತಿನಿಂದ ಕಾಕಾ ಅವಳು ಮಾಡಿದ ರೊಟ್ಟಿ ಮುಟ್ಟಲಿಲ್ಲ. ಹಬ್ಬದಲ್ಲಿ ಅವಳು ಕಾಲಿಗೆ ಬೀಳಲು ಬಗ್ಗಿದರೆ ಕಾಲು ಹಿಂದೆಳೆದುಕೊಳ್ಳುತ್ತಿದ್ದ. ಅಣ್ಣನೂ ಎಷ್ಟೋ ದಿನ ಹೊಲದಲ್ಲೇ ಊಟ ತರಿಸಿಕೊಂಡ. ಇಷ್ಟಾದರೂ ಒಂದು ಸಭೆಯನ್ನೂ ಅವಳು ತಪ್ಪಿಸಲಿಲ್ಲ.

ಅವಧಿ ಮುಗಿಯಿತು. ಮುಂದೆ ಅಧ್ಯಕ್ಷೆಯಾಗಿ ಬಂದವಳು ದಲಿತರ ಓಣಿಯ ಲಕ್ಷ್ಮೀಬಾಯಿ. ಹೆಂಗಸು ಕುರ್ಚಿಯಲ್ಲಿ ಕೂಡುವುದಕ್ಕೆ ಅಷ್ಟರಲ್ಲಿ ಒಗ್ಗಿಹೋಗಿದ್ದ ಊರು ನಮ್ಮದು. ಆದರೂ ನೋಡಿ, ಅವಳ ಮೊದಲ ಸಭೆಯ ದಿನವೇ ಕುರ್ಚಿಯ ಕಾಲು ಮುರಿಯಿತಂತೆ! ದುರಸ್ತಿಗೆಂದು ಕಾಕಾನ ಕಣಜದ ಕೋಣೆ ಸೇರಿತು. ಲಕ್ಷ್ಮೀಬಾಯಿ ನೆಲದ ಮೇಲೆ ಕೂಡಲಿ, ಒಂದು ದಿನದ ಮಾತು ಎಂದರು ಕಾಕಾನ ಕಡೆಯವರು. ಒಂದು ದಿನ! ಎರಿ ಹೊಲದಲ್ಲಿ ಹಾದಿ ಬೀಳಲು ಅಷ್ಟು ಸಾಕು ಎಂದು ಅವರಿಗೆ ನಮ್ಮ ಸರ್‌ಗಿಂತ ಚೆನ್ನಾಗಿ ಗೊತ್ತಿತ್ತು.

ವೈನಿ ಕಣಜದ ಕೋಣೆಗೆ ಹೋದಳು. ನೀರು ಹೊರುವ ಸಿಂಬಿ ತಲೆಗಿಟ್ಟು, ಅದರ ಮೇಲೆ ಕುರ್ಚಿ ಹೊತ್ತು ಊರ ನಡುವೆ ನಡೆದಳು. ಪಂಚಾಯಿತಿ ಕೋಣೆಯಲ್ಲಿ ಇಳಿಸಿ, ಎಲ್ಲರೂ ನೋಡುವಂತೆ ಅದರಲ್ಲಿ ಗಟ್ಟಿಯಾಗಿ ಕೂತಳು. ನಾಲ್ಕೂ ಕಾಲು ನೆಟ್ಟಗಿದ್ದವು. ಆಮೇಲೆ ಎದ್ದು ಕಾಕಾನ ಕಡೆ ತಿರುಗಿದಳು.

"ಮಾವಾರ, ಈಗ ಬಿಟ್ಟೇನಿ ನೋಡ್ರಿ."

ಸೆರಗಿನಿಂದ ಕುರ್ಚಿ ಒರೆಸಿ, "ಬಾರವ್ವಾ ಲಕ್ಷ್ಮೀಬಾಯಿ, ಕೂಡು," ಎಂದಳು.

ಇವತ್ತಿಗೂ ಎಷ್ಟೋ ಊರುಗಳಲ್ಲಿ ಅಧ್ಯಕ್ಷೆಯ ಗಂಡನನ್ನು ಅಧ್ಯಕ್ಷರೇ ಎಂದು ಕರೆದು ಹಾರ ಹಾಕುತ್ತಾರೆ. ಅವನು ಹಲ್ಲು ಬಿಟ್ಟುಕೊಂಡು ಹಾಕಿಸಿಕೊಳ್ಳುತ್ತಾನೆ. ಹಾಗೆಂದು ಎಲ್ಲಿ ಬರೆದಿದೆ? ಎಲ್ಲಿಯೂ ಇಲ್ಲ. ನಿವೃತ್ತಿಯಾಗುವವರೆಗೂ ನಾನು ಆ ಅಮೆರಿಕದ ಪಾಠ ಹೇಳಿದೆ. ಕೊನೆಯ ವರ್ಷಗಳಲ್ಲಿ, ಮೊದಲ ಅಧ್ಯಕ್ಷ ಕುರ್ಚಿ ಬಿಟ್ಟನೆಂದು ಹೊಗಳುವ ಮೊದಲು, ಆ ಕುರ್ಚಿಯ ಹತ್ತಿರವೂ ಸುಳಿಯಗೊಡದೆ ಇಟ್ಟಿದ್ದು ಯಾರು ಯಾರನ್ನು ಎಂದು ಮಕ್ಕಳನ್ನೇ ಕೇಳುತ್ತಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ವೈನಿ ಊರಿಂದ ಬಂದಳು. ಮೊಣಕಾಲು ಹಿಡಿದಿವೆ, ಈಗ ನೆಲದ ಮೇಲೆ ಕೂಡಲಾಗದು. ಮನೆಯಲ್ಲಿ ಹಳೆಯ ಕುರ್ಚಿಗಳಿದ್ದವು. ನಾನು ಹೊಸದನ್ನೇ ಎಳೆದು ತಂದು ಅವಳ ಮುಂದಿಟ್ಟೆ. ಬಡಿಗನ ತಾಕೀತು ಇರಲಿ ಬಿಡಿ.

ವೈನಿ ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದಳು. ಬೆರಳು ಸ್ವಲ್ಪ ಅಂಟಿತು.

"ಹಸೀನೇ ಅದ ಬೇ," ಎಂದಳು. ಕೂತಳು.