ಗೋಡೆಯ ಮೇಲಿಲ್ಲದ ನಾಲ್ಕು ಚುಕ್ಕೆ

ಮೂವತ್ನಾಲ್ಕು ವರ್ಷ ನಾನು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆದೆ. ಕೆಮ್ಮುವವರ ಎದೆ, ಬೈಕಿನಿಂದ ಬಿದ್ದವರ ಮೊಣಕಾಲು, ನಾಣ್ಯ ನುಂಗಿದ ಮಕ್ಕಳ ಹೊಟ್ಟೆ. ಅದರಲ್ಲಿ ಬಹುಪಾಲು ವರ್ಷ ಫಿಲ್ಮಿನ ಕಾಲ. ಕತ್ತಲೆ ಕೋಣೆಯಲ್ಲಿ ತೊಳೆದು, ಒಣಗಿಸಿ, ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಬೇಕಿತ್ತು. ಕಪ್ಪಿಗೂ ಬಿಳಿಗೂ ನಡುವೆ ಎಷ್ಟು ಬಗೆಯ ಬೂದು ಇದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಿವೃತ್ತಿಯಾದ ಮೇಲೆ ಒಂದು ಕ್ಯಾಮೆರಾ ಕೊಳ್ಳಲು ಹೊರಟಾಗ, ಊರಿನ ಗಂಡಸರು ಸರತಿಯಲ್ಲಿ ನಿಂತವರಂತೆ ಒಬ್ಬೊಬ್ಬರಾಗಿ ಬಂದು ಅದನ್ನೇ ಹೇಳಿಕೊಟ್ಟರು.

ನನಗೆ ಬೇಕಿದ್ದದ್ದು ಬಣ್ಣವನ್ನೇ ಹಿಡಿಯದ ಕ್ಯಾಮೆರಾ. ಡಿಜಿಟಲ್ ಆದರೂ ಅದು ಕಪ್ಪು–ಬಿಳುಪು ಬಿಟ್ಟು ಬೇರೆ ತೆಗೆಯುವುದಿಲ್ಲ. ಬೇರೆ ಕ್ಯಾಮೆರಾಗಳಲ್ಲಿ ಬೆಳಕು ಬೀಳುವ ಸೆನ್ಸರ್ ಮೇಲೆ ಬಣ್ಣದ ಪರದೆ ಇರುತ್ತದೆ, ಇದರಲ್ಲಿ ಇಲ್ಲ. ಹಾಗಾಗಿ ಬಂದ ಬೆಳಕೆಲ್ಲ ನೇರವಾಗಿ ಬೂದುಬಣ್ಣವಾಗಿಯೇ ಇಳಿಯುತ್ತದೆ. ಫೋಕಸ್ ಮಾಡುವುದೂ ಹಳೇ ಕಾಲದ ರೀತಿ. ಕಿಂಡಿಯಲ್ಲಿ ನೋಡಿದರೆ ನಡುವೆ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸಿ ಎರಡನ್ನೂ ಒಂದರ ಮೇಲೊಂದು ಕೂರಿಸಬೇಕು. ಇದಕ್ಕೆ ರೇಂಜ್‌ಫೈಂಡರ್ ಎನ್ನುತ್ತಾರೆ.

"ಫೋನಲ್ಲೇ ಒಂದ್ ಬಟನ್ ಒತ್ತಿದ್ರ ಬ್ಲ್ಯಾಕ್ ಅಂಡ್ ವೈಟ್ ಆಗ್ತದಲ್ರಿ ಮೇಡಂ" ಎಂದರು ನಮ್ಮೂರ ಛಾಯಾಗ್ರಾಹಕರ ಬಳಗದ ಕಾರ್ಯದರ್ಶಿ. ಆಗುತ್ತದೆ. ಹಾಲಿಗೆ ನೀರು ಬೆರೆಸಿ ಆಮೇಲೆ ನೀರು ಸೋಸಿದರೂ ಹಾಲು ಸಿಗುತ್ತದೆ ಎನ್ನುವವರಿಗೆ ಏನು ಹೇಳುವುದು?

ಹೊಸದು ಕೊಳ್ಳುವ ಮಾತು ನನ್ನಂಥವಳಿಗೆ ಕನಸಿನಲ್ಲೂ ಇಲ್ಲ. ಆದರೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದೇ ವಾರದಲ್ಲಿ ಇಂಥ ಎರಡು ಕ್ಯಾಮೆರಾ ಮಾರಾಟಕ್ಕೆ ಬಂದವು. ಒಂದು ಮೊದಲ ತಲೆಮಾರಿನದು, ಕೆ.ಬಿ. ಬಡಾವಣೆಯ ಒಬ್ಬ ವೈದ್ಯರದು. ಇನ್ನೊಂದು ಅದೇ ಕಂಪನಿಯ ಮುಂದಿನ ತಲೆಮಾರಿನದು, ಹರಿಹರದಲ್ಲಿ ಲೇಥ್ ವರ್ಕ್‌ಶಾಪ್ ಇಟ್ಟವರೊಬ್ಬರದು. ನಾನು ಎರಡು ತಿಂಗಳಿಂದ ಎರಡೂ ಬಗೆಯ ಕ್ಯಾಮೆರಾಗಳ ಚಿತ್ರಗಳನ್ನು ಹುಡುಕಿ ನೋಡುತ್ತಿದ್ದೆ. ಹೊಸದರ ಚಿತ್ರ ತೊಳೆದಿಟ್ಟ ಗಾಜಿನಷ್ಟು ಸ್ವಚ್ಛ, ಮಬ್ಬು ಬೆಳಕಿಗೂ ಹೆದರುವುದಿಲ್ಲ. ಹಳೆಯದು ನಿಧಾನ, ತೆಗೆದ ಚಿತ್ರ ಅದರ ಬೆನ್ನಿನ ಪುಟ್ಟ ಪರದೆಯಲ್ಲಿ ನೆಟ್ಟಗೆ ಕಾಣುವುದೂ ಇಲ್ಲ. ಆದರೆ ಆ ಚಿತ್ರಗಳಲ್ಲಿ ನಾನು ದೀಪದ ಪೆಟ್ಟಿಗೆಯ ಮೇಲೆ ಕಾಣುತ್ತಿದ್ದಂಥ ಬೂದು ಇತ್ತು, ಸಣ್ಣ ರವೆಯಂಥ ಕಣಕಣ. ಮನಸ್ಸು ಹಳೆಯದರ ಕಡೆಗೇ ಇತ್ತು.

ಭಾನುವಾರ ಬೆಳಿಗ್ಗೆ ವೈದ್ಯರ ಮನೆಗೆ ಹೋದೆವು. ನನ್ನ ಗಂಡ ಜೊತೆಗಿದ್ದರು. ಅವರಿಗೆ ಕ್ಯಾಮೆರಾದ ಯಾವ ಬದಿ ಮುಂದೆ, ಯಾವುದು ಹಿಂದೆ ಎಂಬುದೂ ಗೊತ್ತಿಲ್ಲ. ಸ್ಕೂಟರ್ ಓಡಿಸಲು ಬಂದವರು. ವೈದ್ಯರು ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟರು.

"ನೋಡಿ ಸರ್, ಜರ್ಮನಿಯಲ್ಲಿ ಮಾಡಿದ್ದು. ಒಂದು ಗೀರಿಲ್ಲ. ನಾನು ಮಗು ಥರ ನೋಡಿಕೊಂಡಿದೀನಿ" ಎಂದು ನನ್ನ ಗಂಡನಿಗೆ ಹೇಳಿದರು. ನಮ್ಮವರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆಗೆ ನನಗೆ ಇವತ್ತಿಗೂ ಸಿಟ್ಟಿದೆ.

"ಕೊಳ್ಳೋಳು ನಾನು. ಇಲ್ಲಿ ಕೊಡ್ರಿ" ಎಂದೆ.

ವೈದ್ಯರು ನಕ್ಕರು. "ಮೇಡಂ, ಇದು ಸ್ವಲ್ಪ ಟೆಕ್ನಿಕಲ್. ಆಟೋಫೋಕಸ್ ಇಲ್ಲ. ನಿಮಗೆ ಹಗುರಾಗಿರೋದು ಯಾವುದಾದರೂ ನೋಡಬಹುದಿತ್ತು."

ಎಪ್ಪತ್ತೈದು ಕೆಜಿ ತೂಗುವ ರೋಗಿಗಳನ್ನು ಒಬ್ಬಳೇ ಮೇಜಿನ ಮೇಲೆ ಹೊರಳಿಸಿದವಳು ನಾನು. ವೈದ್ಯರು ಗೋಡೆಗೆ ಹಾಕಿದ್ದ ದೊಡ್ಡ ದೊಡ್ಡ ಚಿತ್ರಗಳನ್ನು ನೋಡಿದೆ. ಎಲ್ಲವೂ ಇದೇ ಕ್ಯಾಮೆರಾದವಂತೆ. ಚೆನ್ನಾಗಿದ್ದವು, ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲವೂ ಲೆನ್ಸ್ ಪೂರ್ತಿ ತೆರೆದು ತೆಗೆದವು. ಹಿನ್ನೆಲೆಯೆಲ್ಲ ಬೆಣ್ಣೆಯಂತೆ ಕರಗಿಹೋಗಿತ್ತು. ಅಂಥ ಚಿತ್ರದಲ್ಲಿ ಕೆಲವು ದೋಷ ಕಾಣುವುದೇ ಇಲ್ಲ.

ಈ ಹಳೇ ತಲೆಮಾರಿನ ಕ್ಯಾಮೆರಾಗಳಲ್ಲಿ ಸೆನ್ಸರ್ ಮೇಲಿನ ಗಾಜು ಕಾಲ ಕಳೆದಂತೆ ಒಳಗೇ ಸವೆದು ಚುಕ್ಕೆ ಬೀಳುವುದುಂಟು ಎಂದು ಓದಿದ್ದೆ. ಹಾಗಾದರೆ ಸೆನ್ಸರನ್ನೇ ಬದಲಿಸಬೇಕು, ಆ ಸೆನ್ಸರ್ ಈಗ ಸಿಗುವುದಿಲ್ಲ. ಚುಕ್ಕೆಯಿದ್ದರೆ ಎದ್ದು ಕಾಣಲೆಂದು ನಾನು ಲೆನ್ಸಿನ ಬಾಯಿಯನ್ನು ಪೂರ್ತಿ ಕಿರಿದು ಮಾಡಿ, ವರಾಂಡದ ಖಾಲಿ ಬಿಳಿ ಗೋಡೆಯ ಚಿತ್ರ ತೆಗೆದೆ. ಆಮೇಲೆ ಆಕಾಶದ್ದು. ಆಮೇಲೆ ನಮ್ಮ ಸ್ಕೂಟರಿನ ಸೀಟಿನದು. ನನ್ನ ಲ್ಯಾಪ್‌ಟಾಪಿಗೆ ಹಾಕಿ ದೊಡ್ಡದು ಮಾಡಿದೆ. ಮೂರರಲ್ಲೂ ಬಲಗಡೆ ಮೇಲೆ ನಾಲ್ಕು ಚುಕ್ಕೆ, ಪ್ರತಿ ಚುಕ್ಕೆಯ ಸುತ್ತ ಮಸುಕಾದ ಬಳೆ. ಗೋಡೆಯಲ್ಲಿ ಎಲ್ಲಿದ್ದವೋ ಆಕಾಶದಲ್ಲೂ ಅಲ್ಲೇ.

"ಧೂಳು ಸರ್" ಎಂದರು ವೈದ್ಯರು, ಮತ್ತೆ ನನ್ನ ಗಂಡನಿಗೆ.

ಧೂಳು ಊದುವ ರಬ್ಬರ್ ಬಲ್ಬ್ ನನ್ನ ಚೀಲದಲ್ಲೇ ಇತ್ತು. ಲೆನ್ಸ್ ಕಳಚಿ, ಸೆನ್ಸರ್ ಮೇಲೆ ನಾಲ್ಕು ಸಲ ಊದಿ ಮತ್ತೆ ತೆಗೆದೆ. ಅದೇ ನಾಲ್ಕು ಚುಕ್ಕೆ, ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಇದನ್ನು ನಾನು ಬದುಕಿನಲ್ಲಿ ಮೊದಲೇ ನೋಡಿದ್ದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಕುಕ್ಕುವಾಡದ ಹೆಣ್ಣುಮಗಳೊಬ್ಬಳ ಹೊಟ್ಟೆಯ ಫಿಲ್ಮಿನಲ್ಲಿ ಬಿಳಿ ಚುಕ್ಕೆ ಕಂಡು, ದೊಡ್ಡ ಡಾಕ್ಟರು ಮೂತ್ರಪಿಂಡದ ಕಲ್ಲು ಎಂದು ಬರೆದುಬಿಟ್ಟರು. ಅದೇ ಜಾಗದ ಚುಕ್ಕೆ ಹಿಂದಿನ ದಿನದ ಮುದುಕನ ಫಿಲ್ಮಿನಲ್ಲೂ ಇತ್ತು. ಅದು ಕಲ್ಲಲ್ಲ, ಫಿಲ್ಮ್ ಇಡುವ ಪೆಟ್ಟಿಗೆಯೊಳಗಿನ ಕಸ ಎಂದೆ. "ನೀನು ತೆಗಿ, ನಾನು ಓದ್ತೀನಿ" ಎಂದರು ಅವರು. ಬೇರೆ ಪೆಟ್ಟಿಗೆಯಲ್ಲಿ ಮತ್ತೊಮ್ಮೆ ತೆಗೆದು ಅವರ ಮೇಜಿನ ಮೇಲಿಟ್ಟು ಬಂದೆ. ಕಲ್ಲು ಮಾಯವಾಗಿತ್ತು. ಡಾಕ್ಟರ ಚೀಟಿ ಬದಲಾಯಿತು.

"ಇದು ಸೆನ್ಸರ್ ಸವೆದಿರೋದು" ಎಂದೆ ವೈದ್ಯರಿಗೆ. "ನಿಮಗೆ ಗೊತ್ತಿತ್ತಾ?"

"ಅಷ್ಟು ಯಾರು ಜೂಮ್ ಮಾಡಿ ನೋಡ್ತಾರೆ ಮೇಡಂ? ಕಂಪ್ಯೂಟರಲ್ಲಿ ಒರೆಸಿಬಿಡಬಹುದು."

"ಗೊತ್ತಿತ್ತಾ ಅಂತ ಕೇಳಿದೆ."

ಅವರು ಎದ್ದು ನಿಂತರು. ಸರ್ವಿಸ್‌ಗೆ ಕಳಿಸಿದ್ದೆ, ಬಿಡಿಭಾಗ ಇಲ್ಲ ಅಂತ ವಾಪಸ್ ಬಂತು ಎನ್ನುವುದು ಆಗ ಬಾಯಿಗೆ ಬಂತು. ಹಾಗಾದರೆ ಜಾಹೀರಾತಿನಲ್ಲಿ "ದೋಷರಹಿತ" ಎಂದು ಬರೆದದ್ದೇಕೆ ಎಂದು ಕೇಳಿದ್ದಕ್ಕೆ, ಬೇಕಾದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ ಎಂದರು. ಬಿಟ್ಟೆವು. ದಾರಿಯಲ್ಲಿ ನನ್ನ ಗಂಡ, "ಹೋಗ್ಲಿ ಬಿಡು, ದೊಡ್ಡ ಮನುಷ್ಯರು, ಯಾಕ ಅಷ್ಟು ಜೋರು ಮಾಡಿದಿ?" ಎಂದರು.

ಸಂಜೆ ಗುಂಪಿನಲ್ಲಿ ವೈದ್ಯರ ಸಂದೇಶ ಬಂತು: ಕೆಲವರು ಕೊಳ್ಳುವ ಉದ್ದೇಶವೇ ಇಲ್ಲದೆ ಬಂದು ವಸ್ತುವನ್ನು ಹಾಳುಮಾಡಿ ಹೋಗುತ್ತಾರೆ, ನಿಜವಾದ ಆಸಕ್ತರು ಮಾತ್ರ ಸಂಪರ್ಕಿಸಿ. ಅದಕ್ಕೆ ಹನ್ನೆರಡು ಜನ ಕೈಮುಗಿಯುವ ಚಿಹ್ನೆ ಹಾಕಿದ್ದರು. ಗೋಡೆ, ಆಕಾಶ, ಸೀಟು, ಮೂರೂ ಚಿತ್ರಗಳನ್ನು ಚುಕ್ಕೆಗೆ ಗುರುತು ಹಾಕಿ, ಒಂದು ಮಾತೂ ಬರೆಯದೆ ಅದೇ ಗುಂಪಿಗೆ ಹಾಕಿದೆ.

ಹತ್ತು ನಿಮಿಷಕ್ಕೆ ಕಾರ್ಯದರ್ಶಿಯ ಫೋನು. "ಮೇಡಂ, ಅದನ್ನ ಡಿಲೀಟ್ ಮಾಡ್ರಿ. ಹಿರಿಯರು ಅವ್ರು, ನಮ್ ಬಳಗಕ್ಕೆ ಎಷ್ಟೋ ಮಾಡ್ಯಾರ."

"ಚುಕ್ಕೆ ಸುಳ್ಳಾ?"

"ಚುಕ್ಕೆ ಖರೆ ಇರ್ಬೋದ್ರಿ. ಆದ್ರ ಹಿಂಗೆ ಎಲ್ರ ಮುಂದ ಬ್ಯಾಡ."

"ನನ್ನನ್ನ ವಸ್ತು ಹಾಳುಮಾಡಿದೋಳು ಅಂದಿದ್ದು ಎಲ್ಲರ ಮುಂದೆ ಅಲ್ವಾ?"

ಡಿಲೀಟ್ ಮಾಡಲಿಲ್ಲ. ಮರುದಿನ ನೋಡಿದರೆ ನನ್ನನ್ನೇ ಗುಂಪಿನಿಂದ ತೆಗೆದಿದ್ದರು. ಅದೇ ದಿನ, ಪರಿಚಯವೇ ಇಲ್ಲದ ಒಬ್ಬ ಡ್ರಾಯಿಂಗ್ ಮೇಷ್ಟ್ರು ಫೋನ್ ಮಾಡಿ, "ಅಮ್ಮಾರ, ನಾನು ಇವತ್ತು ಅದೇ ಕ್ಯಾಮೆರಾ ತರಾಕ ಹೊಂಟಿದ್ದೆ" ಎಂದರು. ಗುಂಪಿನಲ್ಲಿ ಮಾತ್ರ ಅವರೂ ಬಾಯಿ ಬಿಡಲಿಲ್ಲ ಎಂದು ಆಮೇಲೆ ತಿಳಿಯಿತು.

ಗುರುವಾರ ನಾನೊಬ್ಬಳೇ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ವರ್ಕ್‌ಶಾಪಿನವರು ಬಿಳಿ ಗಡ್ಡದ ಸಾಹೇಬರು. ಎಣ್ಣೆಯ ಕೈ ಒರೆಸಿಕೊಂಡು, ಸ್ಟೂಲಿಗೆ ಹೊಸ ಪೇಪರ್ ಹಾಸಿ, "ಕೂಡ್ರಿ ಅಮ್ಮಾ. ಮೊದ್ಲು ಖರಾಬ್ ಏನೈತೆ ಹೇಳಿಬಿಡ್ತೀನಿ, ಆಮ್ಯಾಲೆ ಮಾಲು ನೋಡ್ರಿ" ಎಂದರು.

ಕ್ಯಾಮೆರಾ ಒಮ್ಮೆ ಕೆಳಗೆ ಬಿದ್ದಿತ್ತು. ಮೂಲೆಯಲ್ಲಿ ತಗ್ಗು. ಬಿದ್ದಾಗ ಕಿಂಡಿಯ ಎರಡು ಚಿತ್ರಗಳು ಕೂಡುವುದು ತಪ್ಪಿತ್ತು. ತಾನೇ ಸಣ್ಣ ಕೀಲಿಯಲ್ಲಿ ತಿರುಪು ತಿರುಗಿಸಿ ಸರಿಮಾಡಿದ್ದೇನೆ, ನಂಬದಿದ್ದರೆ ಪರೀಕ್ಷಿಸಿ ಎಂದರು. ನಂಬಿಕೆಯ ಮಾತೇ ಇಲ್ಲ, ಆ ವಾರ ನಾನು ನಮ್ಮಪ್ಪನನ್ನೂ ಪರೀಕ್ಷಿಸದೆ ಬಿಡುತ್ತಿರಲಿಲ್ಲ. ಗೋಡೆ ತೆಗೆದೆ, ಆಕಾಶ ತೆಗೆದೆ, ಊದಿ ಮತ್ತೆ ತೆಗೆದೆ. ಒಂದು ಚುಕ್ಕೆ ಇತ್ತು, ಊದಿದಾಗ ಹೋಯಿತು. ಲೇಥಿನ ಅಳತೆಪಟ್ಟಿಯನ್ನು ಓರೆಯಾಗಿಟ್ಟು ಫೋಕಸ್ ನೋಡಿದೆ. ಗುರಿಯಿಟ್ಟ ಗೆರೆಗೇ ಬಿದ್ದಿತ್ತು.

"ಮಾರೋದು ಯಾಕ್ರಿ?" ಎಂದೆ.

"ಶುಗರ್ ಕಣ್ಣಿಗೆ ಬಂತು. ಎರಡು ಚಿತ್ರ ಒಂದಾಗೋದು ನನಗೆ ಕಾಣಂಗಿಲ್ಲ." ತಮ್ಮ ಹಳೇ ಮಶೀನುಗಳ ಚಿತ್ರಗಳನ್ನೆಲ್ಲ ಅದರಲ್ಲಿ ತೆಗೆದಿದ್ದರು. ಕಬ್ಬಿಣದ ಮೇಲಿನ ಎಣ್ಣೆ ಕೂಡ ಬೆರಳಿಗೆ ಅಂಟುವಂತೆ ಕಾಣುತ್ತಿತ್ತು. ಆಮೇಲೆ ನಾನು ವೈದ್ಯರ ಸವೆದ ಸೆನ್ಸರಿನ ಕಥೆ ಹೇಳಿದಾಗ, ತಮ್ಮ ನಲವತ್ತು ವರ್ಷದ ಲೇಥ್ ತೋರಿಸಿ, ಇದರ ಯಾವ ತುಂಡು ಹೋದರೂ ನಾನೇ ಮಾಡಿಕೊಳ್ಳುತ್ತೇನೆ, ಇಷ್ಟು ದುಡ್ಡಿನ ಕ್ಯಾಮೆರಾ ಮಾಡಿದವರು ಒಂದು ಗಾಜು ಇಟ್ಟುಕೊಳ್ಳಬಾರದಾ ಎಂದು ಅವರೂ ಸಿಟ್ಟಾದರು. ಆ ವಾರ ನನ್ನ ಸಿಟ್ಟಿಗೆ ಜೊತೆಯಾದವರು ಅವರೊಬ್ಬರೇ. ಚಾ ಕುಡಿದು, ಕ್ಯಾಮೆರಾ ತಂದೆ.

ಹಳೆಯದರ ಆ ರವೆರವೆ ಬೂದು ಇದರಲ್ಲಿ ಇಲ್ಲ. ಅದು ನನಗೆ ಬೇಕಿತ್ತು, ಈಗಲೂ ಬೇಕು. ಚಿತ್ರ ನೋಡಿ ಆರಿಸಬೇಕಾಗಿದ್ದನ್ನು ಒಬ್ಬರ ಸುಳ್ಳಿನಿಂದಾಗಿ ಹೀಗೆ ಆರಿಸಬೇಕಾಯಿತಲ್ಲ ಎಂಬ ಉರಿ ಆರಿಲ್ಲ.

ಮುಂದಿನ ವಾರ ಮಂಡಕ್ಕಿ ಭಟ್ಟಿಗಳ ಕಡೆ ಹೋದೆ. ಮಸಿ ಹಿಡಿದ ಗೋಡೆ, ಹೊಗೆ, ನಡುವೆ ಬೆಳ್ಳಗೆ ಸಿಡಿಯುವ ಮಂಡಕ್ಕಿ. ಜರಡಿ ಹಿಡಿದಿದ್ದ ಹೆಂಗಸು ತನ್ನ ಚಿತ್ರವನ್ನು ಪರದೆಯಲ್ಲಿ ನೋಡಿ, "ಕಲರ್ ಬರಂಗಿಲ್ಲೇನ್ರಿ?" ಎಂದಳು.

"ಇಲ್ಲ."

"ಇದಕ್ಕ ರೊಕ್ಕ ಕೊಟ್ಟು ತಂದ್ರಾ? ಯಾರೋ ನಿಮಗ ಚೆನ್ನಾಗಿ ಟೋಪಿ ಹಾಕ್ಯಾರ ಬಿಡ್ರಿ" ಎಂದು ನನ್ನ ಪರವಾಗಿ ಸಿಟ್ಟಾಗಿ, ಹೊಗೆಯೊಳಗೆ ಜರಡಿ ಆಡಿಸಲು ಹೋದಳು. ನಾನು ಕಿಂಡಿಗೆ ಕಣ್ಣಿಟ್ಟು, ಎರಡಾಗಿ ಕಾಣುತ್ತಿದ್ದ ಅವಳನ್ನು ಒಂದಾಗಿಸತೊಡಗಿದೆ.