ಸೌಂಡ್ ಬಂದ್ ಮಾಡಿದ ಭಜನೆ

ಇಂಟರ್ನೆಟ್ ನಿಧಾನವೆಂದು ಯಶವಂತನಗರದ ಗಣಿ ಆಫೀಸಿನವರು ರಿಪೇರಿಗೆ ನನ್ನನ್ನು ಕರೆಸಿದ್ದರು. ವೈರಸ್ಸೇ ಇರಬೇಕೆಂದು ನನ್ನ ಅನುಮಾನ. ನೋಡಿದರೆ, ಮೂಲೆಯ ಕಂಪ್ಯೂಟರಿನಲ್ಲಿ ವಿರೂಪಾಕ್ಷನ ಭಜನೆಯೊಂದು ತಾನಾಗಿಯೇ ಮುಗಿದು, ತಾನಾಗಿಯೇ ಮತ್ತೆ ಶುರುವಾಗುತ್ತಿತ್ತು. ಸೌಂಡ್ ಮಾತ್ರ ಬಂದ್.

"ಯಾರದ್ರಿ ಈ ಹಾಡು?"

ಆ ಮೂಲೆಯಲ್ಲಿ ಕೂರುವ ಗುಮಾಸ್ತರು ಕಣ್ಣು ತಪ್ಪಿಸಿದರು. "ನಾನ ಹಾಡೀನ್ರಿ. ವೆಬ್‌ಸೈಟಿಗೆ ಹಾಕೀನಿ. ಎಷ್ಟು ಸಲ ಕೇಳ್ತಾರೋ ಹಾಡು ಲಿಸ್ಟಿನ್ಯಾಗ ಅಷ್ಟು ಮ್ಯಾಲ ಹೋಗತೈತಿ."

"ಕೇಳೋರ ಇಲ್ಲಲ್ರಿ! ಮೋಸ ಅಲ್ಲೇನಿದು?"

"ಮೋಸ ಹೆಂಗ್ರಿ? ಮಂದಿ ಅರ್ಧಕ್ಕ ಬಿಟ್ಟು ಹೋಗ್ತಾರ. ಇದು ಪೂರ್ತಿ ಕೇಳತೈತಿ."

ಅಷ್ಟು ಒಳ್ಳೆಯ ಹಾಡೇನೋ ನೋಡೋಣವೆಂದು ಸೌಂಡಿಗೆ ಕೈ ಹಾಕಿದೆ. ಗುಮಾಸ್ತರು ಓಡಿಬಂದು ಕೈ ಹಿಡಿದುಕೊಂಡರು.

"ಬ್ಯಾಡ್ರೀ! ಸೌಂಡ್ ಹಚ್ಚಂಗಿಲ್ಲ ಅಂತ ಆಫೀಸಿನ ಮಂದಿಗೆಲ್ಲ ಮಾತು ಕೊಟ್ಟೀನಿ."