ಸರಿ ಅಂದದ್ದು ಯಾರಿಗೆ?

ದೆವ್ವ ಕಂಡೆ ಅಂದವರನ್ನು ಎದುರಿಗೆ ಕೂರಿಸಿಕೊಂಡು, ಸಮಾಧಾನ ಹೇಳಿ, ಮಾತ್ರೆ ಬರೆದುಕೊಡುವುದು ನನ್ನ ಕಸುಬು. ಅಂಥ ನಾನೇ ಹೇಳುತ್ತಿದ್ದೇನೆ, ಇದು ನಡೆದದ್ದು. ನಗುವವರು ನಗಲಿ. ನಾನೂ ಹೀಗೇ ನಗುತ್ತಿದ್ದವಳು.

ನಾನು ಮನೋವೈದ್ಯೆ. ಬೇರೆಯವರ ಹೃದಯವನ್ನೋ ಕಿಡ್ನಿಯನ್ನೋ ಕಸಿ ಮಾಡಿಸಿಕೊಂಡವರಿಗೆ ಬರುವ ಆತಂಕದ ಬಗ್ಗೆ ಸಂಶೋಧನೆ ಮಾಡಿ ಲೇಖನಗಳನ್ನು ಪ್ರಕಟಿಸಿದ್ದೇನೆ. ಕೊಟ್ಟವರು ತಮ್ಮೊಳಗೇ ಇದ್ದಾರೆ ಎಂದು ಕೆಲವರಿಗೆ ಅನಿಸುತ್ತದೆ. ಅದು ಬರೀ ಭಯ. ಮನಸ್ಸಿನ ಭಯ ಮೈಗಿಳಿದರೆ ಎದೆಯೂ ನೋಯುತ್ತದೆ, ಅಷ್ಟೇ... ಹಾಗೆಂದು ಬರೆದವಳೂ ನಾನೇ.

ಆಮೇಲೊಂದು ದಿನ ನನ್ನ ಅಣ್ಣ ಬಸು ಮೈಸೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದ. ಮೆದುಳು ನಿಷ್ಕ್ರಿಯವಾಗಿದೆ ಎಂದರು. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡೇ ಅಂಗದಾನಕ್ಕೆ ಒಪ್ಪಿದಳು. ಹೃದಯ ಯಾರಿಗೆ ಹೋಯಿತೆಂದು ಹೇಳುವ ಪದ್ಧತಿಯಿಲ್ಲ. ನಾನೂ ಕೇಳಲಿಲ್ಲ.

ಕೆಲವು ತಿಂಗಳ ನಂತರ, ಒಂದು ರಾತ್ರಿ ಕೆಂಗೇರಿಯಿಂದ ಫೋನ್. ನನ್ನ ಪೇಷಂಟ್ ರಮೇಶ್ ಅವರ ಹೆಂಡತಿ ಲತಾ. ರಮೇಶ್ ಬೇಕರಿ ಇಟ್ಟುಕೊಂಡವರು, ಇತ್ತೀಚೆಗಷ್ಟೇ ಹೃದಯದ ಕಸಿ ಆಗಿತ್ತು. ಲತಾ ಪಿಸುಗುಟ್ಟುತ್ತಿದ್ದಳು.

"ಡಾಕ್ಟ್ರೇ, ಬೆಳಿಗ್ಗೆಯಿಂದ ಮಾತ್ರೆ ಮುಟ್ಟಿಲ್ಲ ಇವ್ರು. ಕೊಟ್ಟೋರು ವಾಪಸ್ ಕೇಳ್ತಿದಾರೆ ಅಂತಾರೆ. ನೀವೇ ಬಂದು ಹೇಳಿ, ಪ್ಲೀಸ್..."

ಆ ಮಾತ್ರೆ ನಿಲ್ಲಿಸಿದರೆ ಮೈ ಕಸಿ ಮಾಡಿದ ಹೃದಯವನ್ನು ಒಲ್ಲೆ ಅನ್ನುತ್ತದೆ, ಜೀವಕ್ಕೇ ಕುತ್ತು. ವಿಜಯನಗರದಲ್ಲಿ ಮೆಟ್ರೋ ಹತ್ತಿದೆ.

ಬೇಕರಿಯ ಮೇಲೇ ಮನೆ. ಕೋಣೆಯಲ್ಲಿ ಫಿನಾಯಿಲ್ ವಾಸನೆ, ಕೆಳಗಿನಿಂದ ಬನ್ನಿನ ಘಮ. ರಮೇಶ್ ನಿದ್ದೆಹೋಗಿದ್ದರು. ನಾನು ಮಂಚದ ಮೇಲೆ ಅವರ ಕಾಲ ಬಳಿ ಕೂತೆ.

"ದಿನಾ ನಿದ್ದೇಲಿ ಯಾರಿಗೋ 'ಸರಿ, ಸರಿ' ಅಂತಾರೆ ಡಾಕ್ಟ್ರೇ. ಏನಕ್ಕೆ ಒಪ್ಕೋತಿದಾರೆ ಇವ್ರು? ನಿನ್ ಜೊತೆ ಬರ್ತೀನಿ ಅಂತಲಾ?" ಲತಾಳ ಕಣ್ಣು ತುಂಬಿತ್ತು.

"ಕನಸು ಕಣಮ್ಮ," ಅಂದೆ.

ಫ್ಯಾನ್ ಕಟಕಟ ಅನ್ನುತ್ತಿತ್ತು. ಬನ್ನಿನ ಘಮ ಇದ್ದಕ್ಕಿದ್ದಂತೆ ಹೋಯಿತು. ಅದರ ಜಾಗದಲ್ಲಿ ಮೆಷಿನ್ ಎಣ್ಣೆಯ ವಾಸನೆ...

"ಸರಿ..." ಅಂದರು ರಮೇಶ್, ಕಣ್ಣು ಮುಚ್ಚಿಕೊಂಡೇ.

ಲತಾ ನನ್ನ ಕೈ ಹಿಡಿದಳು.

"ಸರಿ... ಅತ್ತಾಗ ಸರಿ, ತಂಗೆವ್ವಾ."

ಬೆಂಗಳೂರಿನವಳಾದ ಲತಾಳಿಗೆ 'ಸರಿ' ಅಂದರೆ ಆಗಲಿ ಎಂದು. ನಮ್ಮ ಬಾಗಲಕೋಟೆಯ ಮನೆಮಾತಿನಲ್ಲಿ ಅದು ಪಕ್ಕಕ್ಕೆ ಜರುಗು ಅನ್ನುವ ಮಾತು. ಓದುತ್ತಿದ್ದ ದಿನಗಳಲ್ಲಿ ಗೋವಿಂದರಾಜನಗರದ ಬಾಡಿಗೆ ಕೋಣೆಯಲ್ಲಿ ಚಾಪೆ ತುಂಬ ಪುಸ್ತಕ ಹರಡಿಕೊಂಡು ನಿದ್ದೆಹೋಗಿರುತ್ತಿದ್ದೆ ನಾನು. ಪೀಣ್ಯದ ಕಾರ್ಖಾನೆಯ ಲೇತ್ ಮೆಷಿನ್ ಕೆಲಸ ಮುಗಿಸಿ, ಎಣ್ಣೆ ವಾಸನೆಯಲ್ಲೇ ಬಂದ ಅಣ್ಣ ದಿನವೂ ಹೀಗೇ, ಇದೇ ಮಾತಿನಲ್ಲಿ, ಕೂರಲು ಜಾಗ ಕೇಳುತ್ತಿದ್ದ.

ಯೋಚಿಸುವ ಮೊದಲೇ ಪಕ್ಕಕ್ಕೆ ಸರಿದೆ. ನಾನು ಬಿಟ್ಟುಕೊಟ್ಟ ಜಾಗದಲ್ಲಿ ಹಾಸಿಗೆ ಮೆಲ್ಲಗೆ ತಗ್ಗಿತು... ರಮೇಶ್ ಅಲುಗಾಡಿರಲಿಲ್ಲ. ಲತಾ ನಿಂತೇ ಇದ್ದಳು.

ಅಷ್ಟರಲ್ಲಿ ರಮೇಶ್ ಬೆಚ್ಚಿ ಎದ್ದರು. ನನ್ನನ್ನೇ ದಿಟ್ಟಿಸಿದರು.

"ನಿಜ ಹೇಳಿ ಡಾಕ್ಟ್ರೇ. ಯಾರಾದ್ರೂ ಬಂದಿದ್ರಾ? ಬಂದಿದ್ರೆ ನಾನಂತೂ ಮಾತ್ರೆ ನುಂಗಲ್ಲ. ಇನ್ನೊಬ್ರದ್ದು ಇಟ್ಕೊಂಡು ಹೆಂಗೆ ಬದುಕ್ಲಿ? ಕೊಟ್ಬಿಡ್ತೀನಿ."

ಆ ಎದೆಗೆ ಒಂದೇ ಒಂದು ಸಲ ಕಿವಿಯಿಡಬೇಕು ಅನಿಸಿತು. 'ಹೂಂ, ನನ್ನಣ್ಣ ಬಂದಿದ್ದಾನೆ, ಏನನ್ನೂ ವಾಪಸ್ ಕೇಳುತ್ತಿಲ್ಲ' ಎಂದು ಕೂಗಬೇಕು ಅನಿಸಿತು. ಆದರೆ ಬಂದಿದ್ದಾನೆ ಅಂದರೆ ಸಾಕು, ಮುಂದಿನದನ್ನು ಈ ಮನುಷ್ಯ ಕೇಳಿಸಿಕೊಳ್ಳುವುದಿಲ್ಲ. ಮಾತ್ರೆ ನಿಲ್ಲುತ್ತದೆ. ಹೃದಯವೂ ನಿಲ್ಲುತ್ತದೆ.

"ಯಾರೂ ಬಂದಿಲ್ಲ ರಮೇಶ್. ಬರೋದೂ ಇಲ್ಲ. ಅದು ನಿಮ್ಮ ಭಯ."

ಅವರು ನನ್ನ ಮುಖವನ್ನೇ ನೋಡುತ್ತ ನೀರು ತರಿಸಿಕೊಂಡು ಮಾತ್ರೆ ನುಂಗಿದರು. ಬನ್ನಿನ ಘಮ ಮತ್ತೆ ಬಂತು. ಪಕ್ಕದ ಹಾಸಿಗೆ ಮೊದಲಿನಂತಾಗಿತ್ತು.

ಬೇಕರಿಯಲ್ಲಿ ನಮ್ಮ ಕಡೆಯ ಹುಡುಗರು ಇರಬಹುದು, ಆ ಮಾತು ಅವರಿಂದ ಕಿವಿಗೆ ಬಿದ್ದಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಎಣ್ಣೆಯ ವಾಸನೆಗೆ ಏನು ಹೇಳಲಿ?

ರಮೇಶ್ ಈಗ ಚೆನ್ನಾಗಿದ್ದಾರೆ. ಅಂದಿನಿಂದ ನಿದ್ದೆಯಲ್ಲಿ ಒಂದು ಮಾತೂ ಇಲ್ಲವಂತೆ. ಲತಾ ಫೋನ್ ಮಾಡಿ ಥ್ಯಾಂಕ್ಸ್ ಹೇಳುತ್ತಾಳೆ. ನನ್ನನ್ನು ಮಾತ್ರ ಒಂದೇ ಪ್ರಶ್ನೆ ಬಿಡುವುದಿಲ್ಲ... ನನ್ನ ಪಕ್ಕದಲ್ಲೇ ಕೂತಿದ್ದ ಅಣ್ಣ, 'ಯಾರೂ ಬಂದಿಲ್ಲ' ಎಂದು ನಾನು ಹೇಳಿದ್ದನ್ನು ಕೇಳಿಸಿಕೊಂಡೇ ಎದ್ದುಹೋದನೇ?